ಕಡತದಿಂದ ಬಿಳಿ ಹಾಳೆಯವರೆಗೆ

ಹೊಲದ ಪಹಣಿಗಾಗಿ ಶಾನುಭೋಗರ ಮನೆ ಬಾಗಿಲು ಕಾಯುವ ಕಾಲ ಮುಗಿದು ಬಹಳ ವರ್ಷಗಳಾದವು. ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ಲಿನಂಥ ಹೋಬಳಿ ಕೇಂದ್ರಗಳಲ್ಲೂ ಈಗ ದಾಖಲೆ ಎಂದರೆ ಕಂಪ್ಯೂಟರಿನಿಂದ ಅಚ್ಚಾಗಿ ಬರುವ ಹಾಳೆ. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಕೈಗೊಂಡ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿತು. ಕೈಬರಹದ ಪಹಣಿಗಿದ್ದ ಮಾನ್ಯತೆ ಹೋಯಿತು. ಹಾಗಾಗಿ ಯಾವುದೇ ಕಚೇರಿಯಲ್ಲಿ ಪ್ರಿಂಟರಿನೊಳಗೆ ಕಾಗದ ಸಿಕ್ಕಿಕೊಂಡರೆ ಸಾಲು ನಿಂತಂತೆಯೇ. ಕೂಲಿ ಬಿಟ್ಟು ಬಂದವರ ಅರ್ಧ ದಿನ ವ್ಯರ್ಥ.

ದಾಖಲೆ ಬರೆಯುವ ವಸ್ತುವನ್ನು ಹದವಾಗಿಡುವ ಚಿಂತೆ ನಮ್ಮವರಿಗೆ ಹೊಸದಲ್ಲ. ಫೈಲಿಗೆ ನಾವು ಹೇಳುವ 'ಕಡತ' ಎಂಬುದು ಮೂಲದಲ್ಲಿ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಬಹುದಿತ್ತು. ತಾಳೆಗರಿಗಾದರೋ ಹುಳು ಹಿಡಿಯದಂತೆ ಎಣ್ಣೆ ಸವರಿ, ಎರಡು ಹಲಗೆಗಳ ನಡುವೆ ಬಿಗಿಯುತ್ತಿದ್ದರು. 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಗುವ ಹೊತ್ತಿಗೆ ಕಚೇರಿಗಳಲ್ಲಿ ಕಾಗದದ್ದೇ ರಾಜ್ಯಭಾರ.

ಇಂದಿನ ಎ-4 ಹಾಳೆಯ ಲೆಕ್ಕಾಚಾರ ಸ್ವಾರಸ್ಯವಾದದ್ದು. ಅಡ್ಡಕ್ಕೆ ಮಡಿಸಿದರೂ ಉದ್ದಗಲದ ಅನುಪಾತ ಬದಲಾಗದ ಹಾಳೆಯ ಬಗ್ಗೆ ಜರ್ಮನಿಯ ವಿಜ್ಞಾನಿ ಲಿಷ್ಟೆನ್‌ಬರ್ಗ್ 1786ರಲ್ಲೇ ಪತ್ರವೊಂದರಲ್ಲಿ ಬರೆದಿದ್ದ. 1922ರಲ್ಲಿ ಜರ್ಮನಿ ಅದನ್ನು ಅಳತೆಯ ಮಾನದಂಡವಾಗಿಸಿತು. ಎ-0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದನ್ನು ನಾಲ್ಕು ಬಾರಿ ಅರ್ಧ ಮಾಡಿದರೆ 16 ಎ-4 ಹಾಳೆಗಳು.

ಪೊಟ್ಟಣದ ಮೇಲಿನ 'ಜಿಎಸ್‌ಎಂ' ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. 80 ಜಿಎಸ್‌ಎಂನ ಎ-4 ಹಾಳೆ 5 ಗ್ರಾಂ ತೂಗಬೇಕು; 500 ಹಾಳೆಯ ರೀಮು ಎರಡೂವರೆ ಕಿಲೋ. ಅಗ್ಗದ ಕಾಗದದ ನಿಜಸ್ಥಿತಿ ತಿಳಿಯಲು ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು! ದಿನನಿತ್ಯದ ಕೆಲಸಕ್ಕೆ 70ರಿಂದ 80 ಜಿಎಸ್‌ಎಂ ಸರಿ. ತೀರ ತೆಳುವಾದರೆ ಎರಡೆರಡು ಹಾಳೆ ಒಟ್ಟಿಗೆ ಎಳೆದುಕೊಳ್ಳುವ ಸಾಧ್ಯತೆ ಹೆಚ್ಚು.

ಕಾಗದ ಸಿಕ್ಕಿಕೊಳ್ಳಲು ಬಹುತೇಕ ಕಾರಣ ತೇವ. ಕಾಗದದ ನಾರು ಗಾಳಿಯ ಪಸೆ ಹೀರುತ್ತದೆ. ಲೇಸರ್ ಪ್ರಿಂಟರಿನ ಬಿಸಿ ಉರುಳೆಗೆ ತಾಕಿದಾಗ ಆ ಪಸೆ ಆವಿಯಾಗಿ ಹಾಳೆ ಸುರುಳಿಕೊಳ್ಳುತ್ತದೆ. ಹವೆ ತೀರ ಒಣಗಿದರೂ ತೊಂದರೆಯೇ: ಸ್ಥಿರ ವಿದ್ಯುತ್ತಿನಿಂದ ಹಾಳೆಗಳು ಒಂದಕ್ಕೊಂದು ಅಂಟುತ್ತವೆ.

ಆದ್ದರಿಂದ ರೀಮನ್ನು ಬೇಕಾದಾಗ ಮಾತ್ರ ಬಿಚ್ಚಿ. ಪೊಟ್ಟಣಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಮಟ್ಟಸವಾಗಿ ಮಲಗಿಸಿಡಿ. ನಿಲ್ಲಿಸಿದರೆ ಹಾಳೆ ಬಾಗುತ್ತದೆ. ಬೇರೆಡೆಯಿಂದ ತಂದದ್ದನ್ನು ಒಂದು ದಿನ ಪ್ರಿಂಟರಿರುವ ಕೋಣೆಯಲ್ಲಿಟ್ಟು ಬಳಸುವುದು ಲೇಸು. ತುಂಬುವ ಮುನ್ನ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ, ಅಂಚು ತಟ್ಟಿ ಸಮ ಮಾಡಿ. ತಟ್ಟೆಯ ಗುರುತು ಮೀರಬೇಡಿ. ಪಕ್ಕದ ಪಟ್ಟಿ ಹಾಳೆಗೆ ತಾಗಿರಬೇಕು, ಒತ್ತಬಾರದು. ಪೊಟ್ಟಣದ ಮೇಲೆ ಬಾಣದ ಗುರುತಿದ್ದರೆ ಮೊದಲು ಅಚ್ಚಾಗಬೇಕಾದ ಮಗ್ಗುಲು ಅದು. ಪಿನ್ನು ತೆಗೆದ, ಮುದುಡಿದ ಹಳೆಯ ಹಾಳೆ ತುಂಬಿ ಉಳಿತಾಯ ಮಾಡಹೊರಟರೆ ಯಂತ್ರದ ರಿಪೇರಿಗೇ ಹೆಚ್ಚು ಖರ್ಚಾದೀತು.

ತಾಳೆಗರಿಗೆ ಎಣ್ಣೆ ಸವರುತ್ತಿದ್ದವರು ತೋರಿದ ಎಚ್ಚರವೇ ಇಂದಿನ ಹಾಳೆಗೂ ಬೇಕು. ಏಕೆಂದರೆ ಕೌಂಟರಿನ ಆಚೆ ನಿಂತವರಿಗೆ ಅದು ಬರಿ ಕಾಗದವಲ್ಲ, ಅವರ ಭೂಮಿ.