ಬ್ಯಾಂಕಿನ ಸೇವಾ ನ್ಯೂನತೆ: ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುವ ಮುನ್ನ

ಮಂಜೂರಾತಿ ಪತ್ರದಲ್ಲಿ ಇಲ್ಲದ ಶುಲ್ಕವೊಂದು ಓವರ್‌ಡ್ರಾಫ್ಟ್ ಖಾತೆಯಿಂದ ಕಡಿತವಾಗಿರುತ್ತದೆ. ಶಾಖೆಯಲ್ಲಿ ವಿಚಾರಿಸಿದರೆ ‘ಮುಖ್ಯ ಕಚೇರಿಗೆ ಬರೆದಿದ್ದೇವೆ’ ಎಂಬ ಉತ್ತರ ದೊರೆಯುತ್ತದೆ. ಕೆಲವು ಸಾವಿರ ರೂಪಾಯಿಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರುವುದು ಸಣ್ಣ ಉದ್ಯಮಿಗೆ ದುಬಾರಿ, ಸುಮ್ಮನಿದ್ದರೆ ನಷ್ಟ. ಇಂತಹ ಸಂದರ್ಭಕ್ಕೆಂದೇ ಭಾರತೀಯ ರಿಸರ್ವ್ ಬ್ಯಾಂಕು 1995ರಲ್ಲಿ ಬ್ಯಾಂಕಿಂಗ್ ಒಂಬುಡ್ಸ್‌ಮನ್ ಯೋಜನೆಯನ್ನು ಜಾರಿಗೆ ತಂದಿತು.

ಸಾರ್ವಜನಿಕರ ಅಹವಾಲನ್ನು ನಿಷ್ಪಕ್ಷಪಾತವಾಗಿ ಆಲಿಸುವ ಈ ಹುದ್ದೆಯ ಮೂಲ 1809ರ ಸ್ವೀಡನ್. ನಮ್ಮಲ್ಲಿ ಬ್ಯಾಂಕುಗಳಿಗೆ, ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಹಾಗೂ ಡಿಜಿಟಲ್ ವಹಿವಾಟುಗಳಿಗೆ ಪ್ರತ್ಯೇಕವಾಗಿದ್ದ ಮೂರು ಯೋಜನೆಗಳು 2021ರ ನವೆಂಬರ್ 12ರಂದು ಒಂದುಗೂಡಿದವು. ದೂರಿಗೆ ಶುಲ್ಕವಿಲ್ಲ. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಯಾವುದೇ ಊರಿನಿಂದ ದೂರು ದಾಖಲಿಸಬಹುದು.

ಯಾವುದು ದೂರು, ಯಾವುದು ಅಲ್ಲ?

ಒಂಬುಡ್ಸ್‌ಮನ್ ಪರಿಶೀಲಿಸುವುದು ಸೇವಾ ನ್ಯೂನತೆಯನ್ನು ಮಾತ್ರ. ಸಾಲ ನೀಡಬೇಕೇ ಬೇಡವೇ ಎಂಬುದು ಬ್ಯಾಂಕಿನ ವಾಣಿಜ್ಯ ತೀರ್ಮಾನ. ಅದರಲ್ಲಿ ಅವರು ಕೈಹಾಕುವುದಿಲ್ಲ. ಆದರೆ ಕರಾರಿನಲ್ಲಿಲ್ಲದ ಶುಲ್ಕ ವಸೂಲಿ ಮಾಡಿದ್ದರೆ ಅದು ವಿಚಾರಣೆಗೆ ಅರ್ಹ. ಅದೇ ವಿಷಯ ನ್ಯಾಯಾಲಯದಲ್ಲಿದ್ದರೆ ದೂರು ನಿಲ್ಲದು. ವಕೀಲರ ಮೂಲಕ ಸಲ್ಲಿಸುವಂತಿಲ್ಲ. ಉದ್ಯಮಿಯೇ ಅಥವಾ ವಕೀಲರಲ್ಲದ ಅಧಿಕೃತ ಪ್ರತಿನಿಧಿ ಸಲ್ಲಿಸಬೇಕು.

ಮೊದಲ ಪತ್ರವೇ ಆಧಾರ

ನಮ್ಮ ವರ್ತಕರು ಎಡವುವುದು ಇಲ್ಲಿಯೇ. ವ್ಯವಸ್ಥಾಪಕರೊಡನೆ ಹತ್ತು ಬಾರಿ ಮಾತನಾಡಿರುತ್ತಾರೆ, ಒಂದು ಸಾಲನ್ನೂ ಬರೆದುಕೊಟ್ಟಿರುವುದಿಲ್ಲ. ಮೊದಲು ಬ್ಯಾಂಕಿಗೆ ಲಿಖಿತ ದೂರು ನೀಡಿರಲೇಬೇಕು. ಅದು ತಿರಸ್ಕೃತವಾದರೆ, ಉತ್ತರ ತೃಪ್ತಿಕರವಲ್ಲದಿದ್ದರೆ ಅಥವಾ 30 ದಿನಗಳಲ್ಲಿ ಉತ್ತರವೇ ಬಾರದಿದ್ದರೆ ಮಾತ್ರ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಆದ್ದರಿಂದ ದಿನಾಂಕಸಹಿತ ಸ್ವೀಕೃತಿ, ಖಾತೆಯ ವಿವರಪಟ್ಟಿ, ಮಂಜೂರಾತಿ ಪತ್ರದ ಪ್ರತಿ ಇವು ಕಡತದಲ್ಲಿರಲಿ. ಯೋಜನೆ ಗೊತ್ತುಪಡಿಸಿದ ಕಾಲಮಿತಿ ಮೀರಿದರೆ ನ್ಯಾಯಯುತ ದೂರೂ ಬಿದ್ದುಹೋಗುತ್ತದೆ.

ಒಂಬುಡ್ಸ್‌ಮನ್ ಮೊದಲು ರಾಜಿಗೆ ಯತ್ನಿಸುತ್ತಾರೆ. ಅದು ಫಲಿಸದಿದ್ದರೆ ದಾಖಲೆಗಳನ್ನು ಪರಿಶೀಲಿಸಿ ತೀರ್ಪು ನೀಡಬಲ್ಲರು. 2021ರ ಯೋಜನೆಯು ದೂರುದಾರನಿಗಾದ ನಷ್ಟಕ್ಕೆ 20 ಲಕ್ಷ ರೂ.ವರೆಗೆ, ಕಾಲವ್ಯಯ ಹಾಗೂ ಮಾನಸಿಕ ಕಿರುಕುಳಕ್ಕೆ 1 ಲಕ್ಷ ರೂ.ವರೆಗೆ ಪರಿಹಾರಕ್ಕೆ ಅವಕಾಶ ನೀಡಿತ್ತು.

ಲೆಕ್ಕಪುಸ್ತಕವನ್ನು ಶಿಸ್ತಿನಿಂದ ಬರೆಯುವ ವರ್ತಕನು ಬ್ಯಾಂಕಿನೊಡನೆ ನಡೆಸುವ ಪತ್ರವ್ಯವಹಾರಕ್ಕೂ ಅದೇ ಶಿಸ್ತನ್ನು ತಂದರೆ, ಒಂಬುಡ್ಸ್‌ಮನ್ ವ್ಯವಸ್ಥೆ ಅವನ ಪಾಲಿಗೆ ನಿಜವಾದ ಆಸರೆಯಾದೀತು.