ಗೋಮಾಳದ ಗಾಲ್ಫ್

ಗಾಲ್ಫ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ನೀರೆರೆದು ಸಾಕಿದ ಹಸಿರು ಹುಲ್ಲು. ಸಿರಿವಂತರ ಆಟವೆಂದು ಅದನ್ನು ದೂರದಿಂದಲೇ ನೋಡಿ ಮುಂದೆ ನಡೆಯುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಇಂಗ್ಲೆಂಡಿನ ನೈರುತ್ಯದಲ್ಲಿರುವ ಡೆವನ್ ಪ್ರಾಂತದ ಕಡಲಂಚಿನ ಮೈದಾನವೊಂದರಲ್ಲಿ ಆಡಿದ ದಿನ ಆ ತಿಳಿವಳಿಕೆ ತಲೆಕೆಳಗಾಯಿತು. ಮೊದಲ ಹೊಡೆತಕ್ಕೆ ನಿಂತಾಗ ನನ್ನೆದುರು ಕುರಿಗಳ ಹಿಂಡೊಂದು ಮೇಯುತ್ತಿತ್ತು. ಅದು ಸರಿಯಲೆಂದು ಕಾದೆ. ಜೊತೆಗಿದ್ದ ಆ ಊರಿನ ಹಿರಿಯರು ನಕ್ಕು, ಕುರಿಗಳೇ ಇಲ್ಲಿಯ ಹಳೆಯ ಒಕ್ಕಲು, ನಾವು ಆಮೇಲೆ ಬಂದವರು ಎಂದರು.

ಊರಿನ ಹೆಸರು ‘ವೆಸ್ಟ್‌ವರ್ಡ್ ಹೋ!’ ಕೊನೆಯ ಆಶ್ಚರ್ಯಸೂಚಕ ಚಿಹ್ನೆಯೂ ಹೆಸರಿನ ಭಾಗವೇ. 1855ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ಈ ಹೆಸರಿನ ಕಾದಂಬರಿಯನ್ನು ಪ್ರಕಟಿಸಿದ. ಅದರ ಜನಪ್ರಿಯತೆಯನ್ನು ಕಂಡ ವ್ಯವಹಾರಸ್ಥರು ಇಲ್ಲಿ ವಿಹಾರಧಾಮವನ್ನು ಕಟ್ಟಿ ಕಾದಂಬರಿಯ ಹೆಸರನ್ನೇ ಇಟ್ಟರು. ಊರಿನ ಹೆಸರನ್ನು ಪುಸ್ತಕಕ್ಕೆ ಇಡುವುದುಂಟು. ಪುಸ್ತಕದ ಹೆಸರು ಊರಿಗೆ ಬಂದದ್ದು ಅಪರೂಪ. ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ 1878ರಿಂದ 1882ರವರೆಗೆ ಓದಿದ ಶಾಲೆಯಿದ್ದುದೂ ಈ ಊರಿನಲ್ಲಿಯೇ.

ಇಲ್ಲಿಯ ರಾಯಲ್ ನಾರ್ತ್ ಡೆವನ್ ಗಾಲ್ಫ್ ಕ್ಲಬ್ ಹುಟ್ಟಿದ್ದು 1864ರಲ್ಲಿ. ಪ್ರಾರಂಭವಾದ ನೆಲದಲ್ಲಿಯೇ ಇಂದಿಗೂ ಆಟ ನಡೆಯುತ್ತಿರುವ ಇಂಗ್ಲೆಂಡಿನ ಮೈದಾನಗಳಲ್ಲಿ ಇದೇ ಅತ್ಯಂತ ಹಳೆಯದು. ನಮ್ಮ ಕಲಕತ್ತೆಯ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ಇದಕ್ಕಿಂತ 35 ವರ್ಷ ಹಿರಿದು, 1829ರದು, ಎಂದರೆ ಆಶ್ಚರ್ಯವಾದೀತು.

ಇಂಥ ಮೈದಾನಕ್ಕೆ ‘ಲಿಂಕ್ಸ್’ ಎಂದು ಹೆಸರು. ಕೊಂಡಿ ಎಂಬ ಅರ್ಥದ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ದಿಣ್ಣೆ, ಏರು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು ಇದು. ಕಡಲಿಗೂ ಉಳುವ ಭೂಮಿಗೂ ನಡುವೆ ಗಾಳಿ ತಂದು ಒಟ್ಟಿದ ಮರಳಿನ ಪಟ್ಟಿಯೇ ಲಿಂಕ್ಸ್. ಅಲ್ಲಿ ಪೈರು ಬೆಳೆಯದು, ಮರ ನಿಲ್ಲದು. ಮಳೆ ಸುರಿದರೂ ನೀರು ಮರಳಿನಲ್ಲಿ ಇಂಗಿ ನೆಲ ಬೇಗನೆ ಗಟ್ಟಿಯಾಗುತ್ತದೆ. ಸೂಜಿಯಷ್ಟು ಸಣ್ಣ ಎಸಳಿನ ಹುಲ್ಲು ಮಾತ್ರ ಬದುಕುತ್ತದೆ. ಅದನ್ನು ಕುರಿಗಳೂ ಮೊಲಗಳೂ ಮೇಯ್ದು ಸಮಮಾಡುತ್ತವೆ. ಗಾಳಿಗೆ ಮರೆ ಹುಡುಕಿ ಕುರಿಗಳು ಮಲಗಿದ ಹಳ್ಳಗಳೇ ಮುಂದೆ ಬಂಕರುಗಳಾದವೆಂದು ಹೇಳುವುದುಂಟು. ಬೇಸಾಯಕ್ಕೆ ಬಾರದ ನೆಲ ಆಟಕ್ಕೆ ಬಂದದ್ದು ಹೀಗೆ.

ಇಲ್ಲಿ ಆಡುವುದಕ್ಕೆ ಬೇರೆಯೇ ಬುದ್ಧಿ ಬೇಕು. ನಾನು ಕಲಿತಂತೆ ಚೆಂಡನ್ನು ಎತ್ತರಕ್ಕೆ ಹೊಡೆದೆ. ಕಡಲ ಗಾಳಿ ಅದನ್ನು ಹೊತ್ತೊಯ್ದು ಆಳೆತ್ತರದ ಮೊನಚು ಜೊಂಡಿನೊಳಗೆ ಹಾಕಿತು. ಹಿರಿಯರು ಗಾಳಿಯ ಕೆಳಗೆ, ನೆಲಕ್ಕೆ ಹತ್ತಿಕೊಂಡಂತೆ ಹೊಡೆದರು. ಗಟ್ಟಿ ನೆಲದಲ್ಲಿ ಚೆಂಡು ಉರುಳುತ್ತ ಕುಳಿಯ ಸಮೀಪಕ್ಕೆ ಹೋಯಿತು. ನಾಲ್ಕನೆಯ ಕುಳಿಯ ದಾರಿಗೆ ಅಡ್ಡವಾಗಿ, ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳನ್ನು ಗೋಡೆಯಾಗಿ ನಿಲ್ಲಿಸಿದ ‘ಕೇಪ್’ ಎಂಬ ದೊಡ್ಡ ಬಂಕರ್ ಇದೆ. ಅದನ್ನು ಹೇಗೋ ದಾಟಿದೆ. ಮುಂದೊಮ್ಮೆ ಒಳ್ಳೆಯ ಹೊಡೆತವೇ ಕುದುರೆಯ ಗೊರಸಿನ ಗುಳಿಯಲ್ಲಿ ಕುಳಿತಿತು. ಯಾರನ್ನು ದೂರುವುದು? ಕುದುರೆಗೂ ಅಲ್ಲಿ ನಿಲ್ಲುವ ಹಕ್ಕಿದೆ.

ಅದು ಬರಿಯ ಮಾತಲ್ಲ. ‘ನಾರ್ತಮ್ ಬರೋಸ್’ ಎಂಬ ಈ ಬಯಲು ನಾರ್ತಮ್ ಊರಿನ ಗೋಮಾಳ. ಅಲ್ಲಿ ದನ, ಕುರಿ, ಕುದುರೆ ಮೇಯಿಸುವ ಹಕ್ಕು ಊರಿನ ಒಕ್ಕಲುಗಳದು. ಅವರನ್ನು ‘ಪಾಟ್‌ವಾಲಪರ್’ ಎನ್ನುತ್ತಾರೆ. ತನ್ನ ಒಲೆಯ ಮೇಲೆ ತನ್ನ ಗಡಿಗೆ ಕುದಿಸುವವನು ಎಂದರ್ಥ. ಒಲೆ ಹೊತ್ತಿಸಿದವನಿಗೆ ಹುಲ್ಲಿನಲ್ಲಿ ಪಾಲುಂಟೆಂಬ ಈ ಹಳೆಯ ನ್ಯಾಯವನ್ನು ಗಾಲ್ಫ್ ಕ್ಲಬ್ಬು ಮೀರಲಿಲ್ಲ.

ಇದೇ ನಾರ್ತಮ್‌ನಲ್ಲಿ 1871ರಲ್ಲಿ ಜೆ. ಎಚ್. ಟೇಲರ್ ಹುಟ್ಟಿದ. ಕೂಲಿಕಾರನ ಮಗ. ಹುಡುಗನಾಗಿದ್ದಾಗ ಇಲ್ಲಿ ಇತರರ ಗಾಲ್ಫ್ ಕೋಲುಗಳನ್ನು ಹೊತ್ತ. ಆಮೇಲೆ ಮೈದಾನದ ಹುಲ್ಲು ನೋಡಿಕೊಳ್ಳುವ ಕೆಲಸ ಮಾಡಿದ. 1860ರಲ್ಲಿ ಪ್ರಾರಂಭವಾಗಿ ಸ್ಕಾಟ್ಲೆಂಡಿನಲ್ಲಿಯೇ ನಡೆಯುತ್ತಿದ್ದ ‘ಓಪನ್’ ಪಂದ್ಯ 1894ರಲ್ಲಿ ಮೊದಲ ಬಾರಿಗೆ ಇಂಗ್ಲೆಂಡಿಗೆ, ಕೆಂಟ್ ತೀರದ ಸ್ಯಾಂಡ್‌ವಿಚ್ ಲಿಂಕ್ಸ್‌ಗೆ ಬಂದಾಗ ಗೆದ್ದವನು ಈ ಟೇಲರ್. ಒಟ್ಟು ಐದು ಸಲ ಗೆದ್ದ. ಆಟವನ್ನೇ ಹೊಟ್ಟೆಪಾಡಾಗಿಸಿಕೊಂಡವರಿಗಾಗಿ 1901ರಲ್ಲಿ ಸಂಘ ಕಟ್ಟುವುದರಲ್ಲಿ ಮುಂದಾಳಾದ. ತಾನು ಕೋಲು ಹೊತ್ತ ಕ್ಲಬ್ಬಿಗೇ 1957ರಲ್ಲಿ ಅಧ್ಯಕ್ಷನಾದ. ಬೇಲಿಯಿಲ್ಲದ ಬಯಲಾದ್ದರಿಂದ ಬಡ ಹುಡುಗನ ಕಣ್ಣಿಗೆ ಆಟ ಬಿತ್ತು ಎಂದು ನನಗೆ ತೋರುತ್ತದೆ.

ಆದರೆ ಈ ನೆಲಕ್ಕೆ ಇನ್ನೊಬ್ಬ ಹಕ್ಕುದಾರನುಂಟು. ಬಯಲಿಗೂ ಕಡಲಿಗೂ ನಡುವೆ ಸುಮಾರು ಮೂರು ಕಿಲೋಮೀಟರು ಉದ್ದದ, ಬೂದುಬಣ್ಣದ ದುಂಡು ಕಲ್ಲುಗಳ ದಿಬ್ಬವಿದೆ. ದಕ್ಷಿಣದ ಬಂಡೆಗಳಿಂದ ಕಳಚಿದ ಕಲ್ಲುಗಳನ್ನು ಅಲೆಗಳೇ ಉರುಳಿಸಿ ತಂದು ಕಟ್ಟಿದ ಗೋಡೆ ಅದು. ಬಿರುಗಾಳಿಗಳಲ್ಲಿ ಅದು ಒಳಕ್ಕೆ ಸರಿಯುತ್ತಿದೆ. ಕಡಲಂಚಿನ ಕುಳಿಗಳ ಪಕ್ಕದ ನೆಲವನ್ನು ಅಲೆ ಕಚ್ಚುತ್ತಿದೆ. ಅಲೆ ಎಸೆದ ಕಲ್ಲುಗಳನ್ನು ಊರಿನವರು ಸೇರಿ ಮತ್ತೆ ದಿಬ್ಬಕ್ಕೆ ಎತ್ತಿಹಾಕುವುದು ಅಲ್ಲಿಯ ಹಳೆಯ ವಾಡಿಕೆ. ‘ಪಾಟ್‌ವಾಲಪಿಂಗ್’ ಎಂದೇ ಅದರ ಹೆಸರು. ಹಕ್ಕಿನ ಹೆಸರೇ ಹೊಣೆಯ ಹೆಸರೂ ಆಗಿದೆ.

ಆಟ ಮುಗಿದ ಮೇಲೆ ಹಿರಿಯರು ದಿಬ್ಬದ ಬುಡಕ್ಕೆ ಹೋಗಿ ಹುಲ್ಲಿನ ಮೇಲೆ ಬಿದ್ದಿದ್ದ ಕಲ್ಲೊಂದನ್ನು ಮೇಲಕ್ಕೆಸೆದರು. ಕಡಲನ್ನು ಇದರಿಂದ ತಡೆಯಲಾದೀತೆ ಎಂದು ಕೇಳಿದೆ. ಇಲ್ಲ, ಆದರೆ ನಮ್ಮ ನೆಲವೆಂದು ಹೇಳುವವನು ಇಷ್ಟನ್ನಾದರೂ ಮಾಡಬೇಡವೆ ಎಂದರು. ನಾನೂ ಬಾಗಿ ಒಂದು ಕಲ್ಲನ್ನು ಎತ್ತಿಕೊಂಡೆ.