ಘಾಟಿಯ ಏರಿಕೆಯೂ ಹಳೆಯ ಕಾರಿನ ನೀರೂ

ಮಂಗಳೂರಿನ ಕಡೆಯಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಸುಳ್ಯವನ್ನು ಹಿಂದೆ ಬಿಟ್ಟು, ಪಯಸ್ವಿನೀ ನದಿಯ ದಿಕ್ಕನ್ನೇ ಹಿಡಿದು ಬರುವವರಿಗೆ ಕೊಡಗಿನ ಹೆಬ್ಬಾಗಿಲಾಗಿ ಎದುರಾಗುವ ಊರು ಸಂಪಾಜೆ. ಅಲ್ಲಿಯವರೆಗೆ ದಾರಿ ಬಹುಮಟ್ಟಿಗೆ ತಗ್ಗಿನ ತೋಟಗಳ ನಡುವೆ ಸಾಗುತ್ತದೆ. ಅಲ್ಲಿಂದ ಮುಂದೆ ಕೊಯನಾಡು, ಜೋಡುಪಾಲ, ಮದೆನಾಡುಗಳನ್ನು ಹಾದು, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯನ್ನು ಮುಟ್ಟುವವರೆಗೂ ತಿರುವು ತಿರುವಾಗಿ ಏರುತ್ತ ಹೋಗುತ್ತದೆ. ಊರೊಳಗಿನ ಸಮತಟ್ಟಾದ ಬೀದಿಗಳಲ್ಲಿ ಅಡಗಿಕೊಂಡಿದ್ದ ಹಳೆಯ ಕಾರಿನ ದೋಷಗಳೆಲ್ಲ ಈ ಏರಿಕೆಯಲ್ಲಿ ಹೊರಬೀಳುವುವು. ಆಗ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು: ಘಾಟಿಯಲ್ಲಿ ನೀರು ಕುದಿಯಿತು ಎಂಬುದೊಂದು, ಮಂಜು ಕವಿದ ಮಡಿಕೇರಿಯಲ್ಲಿ ಹೀಟರು ಬಿಸಿಗಾಳಿ ಕೊಡಲಿಲ್ಲ ಎಂಬುದು ಮತ್ತೊಂದು. ಇವನ್ನು ಬೇರೆ ಬೇರೆ ರೋಗಗಳೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ ಎರಡಕ್ಕೂ ಮೂಲ ಒಂದೇ ನೀರು. ಹೀಟರಿನ ನಡತೆಯನ್ನು ಬಲ್ಲವನು ಎಂಜಿನ್ನಿನ ಅಪಾಯವನ್ನು ಮುಂಚಿತವಾಗಿಯೇ ತಿಳಿಯಬಲ್ಲನು. ಈ ಮಾತನ್ನು ವಿವರಿಸುವುದೇ ಇಂದಿನ ಭಾಷಣದಲ್ಲಿ ನಮ್ಮ ಉದ್ದೇಶ.

ಮೊದಲು ಶಾಖದ ಲೆಕ್ಕವನ್ನು ನೋಡೋಣ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಕಾಲುಭಾಗ ಮಾತ್ರ ಗಾಡಿಯನ್ನು ಎಳೆಯುವ ಕೆಲಸಕ್ಕೆ ಒದಗುತ್ತದೆ. ಉಳಿದುದರಲ್ಲಿ ಬಹುಭಾಗ ಹೊಗೆಯೊಡನೆ ಹೊರಟುಹೋಗುವುದು. ಕೆಲಸಕ್ಕೆ ಒದಗಿದಷ್ಟೇ, ಇಲ್ಲವೇ ಅದಕ್ಕೂ ಮಿಗಿಲಾದ ಪಾಲು ಎಂಜಿನ್ನನ್ನು ಸುತ್ತುವರಿದ ನೀರಿಗೆ ಸೇರುವುದು. 1983ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ಎಂಬ ಸಣ್ಣ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರಿನ ಎಂಜಿನ್ನು ಅದರದು. ನಾಲ್ವರು ಕುಳಿತು ಸಾಮಾನು ತುಂಬಿದರೆ ಒಟ್ಟು ತೂಕ 900 ಕಿಲೋಗ್ರಾಮಿನಷ್ಟಾದೀತು. ಸಂಪಾಜೆಯಿಂದ ಮಡಿಕೇರಿಗೆ ಏರಿಕೆ ಸುಮಾರು 1,000 ಮೀಟರೆಂದು ಹಿಡಿದರೆ, ಈ ಭಾರವನ್ನು ಮೇಲೆತ್ತುವುದಕ್ಕೇ 8,800 ಕಿಲೋಜೂಲಿನಷ್ಟು ಕೆಲಸ ಬೇಕು. ಅಷ್ಟೇ ಶಾಖ ನೀರಿಗೆ ಸೇರಿತೆನ್ನಿ: ಮೂರು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಸಿ ಪೂರ್ತಿ ಉಗಿಯಾಗಿಸಲು ಅದು ಸಾಕು. ಇಂಥ ಕಾರು ಹಿಡಿಯುವ ನೀರೋ ಒಟ್ಟಿನಲ್ಲಿ ಮೂರು ನಾಲ್ಕು ಲೀಟರು! ಶಾಖವನ್ನು ಗಾಳಿಗೆ ಒಪ್ಪಿಸುವ ಏರ್ಪಾಡು ನಿಂತುಹೋದರೆ ಮಡಿಕೇರಿಯನ್ನು ಮುಟ್ಟುವ ಮುನ್ನವೇ ಎಂಜಿನ್ನು ಬತ್ತಿಹೋಗುವುದೆಂದು ಇದರಿಂದ ಸ್ಪಷ್ಟವಾಗುತ್ತದೆ.

ಆ ಏರ್ಪಾಡು ಹೀಗಿದೆ. ಪಂಪು ನೀರನ್ನು ಎಂಜಿನ್ನಿನ ಒಳದಾರಿಗಳಲ್ಲಿ ತಳ್ಳುತ್ತದೆ. ಬಿಸಿಯಾದ ನೀರು ಮೇಲಿನ ರಬ್ಬರು ಕೊಳವೆಯಿಂದ ರೇಡಿಯೇಟರಿಗೆ ಹೋಗಿ, ತೆಳ್ಳನೆಯ ನಾಳಗಳಲ್ಲಿ ಇಳಿಯುತ್ತ ತಣಿದು, ಕೆಳಗಿನ ಕೊಳವೆಯಿಂದ ಹಿಂದಿರುಗುತ್ತದೆ. ಎಂಜಿನ್ನು ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲೊಂದಿದೆ; ಇದೇ ಥರ್ಮೋಸ್ಟಾಟು. ಅದರೊಳಗಿನ ಮೇಣ 80 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಲೇ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಇನ್ನು ಹೀಟರೆಂಬುದು ಬೇರೆ ಒಲೆಯಲ್ಲ. ಎಂಜಿನ್ನಿನಿಂದ ಕವಲೊಡೆದ ಬಿಸಿನೀರು ಮುಂದಿನ ಸೀಟಿನವರ ಕಾಲಿನ ಬಳಿಯಿರುವ ಪುಟ್ಟ ರೇಡಿಯೇಟರೊಂದರಲ್ಲಿ ಹರಿದು ಹಿಂದಿರುಗುತ್ತದೆ. ಅದರ ಮೂಲಕ ಬೀಸಿದ ಗಾಳಿಯೇ ನಮಗೆ ಬೆಚ್ಚಗೆ ತಾಕುವುದು. ಮಳೆಗಾಲದಲ್ಲಿ ಮುಂಗಾಜಿನ ಒಳಮೈಗೆ ಕವಿಯುವ ಮಂಜನ್ನು ಬಿಡಿಸುವುದೂ ಇದೇ.

ರೇಡಿಯೇಟರಿನ ಮುಚ್ಚಳ ನೋಡುವುದಕ್ಕೆ ಅಲ್ಪ, ಕೆಲಸದಲ್ಲಿ ದೊಡ್ಡದು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗಿ, ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮುಚ್ಚಳದೊಳಗಿನ ಸ್ಪ್ರಿಂಗು ನೀರನ್ನು ಒತ್ತಡದಲ್ಲಿ ಹಿಡಿದಿಟ್ಟು ಕುದಿಯುವ ಬಿಂದುವನ್ನು ಇಪ್ಪತ್ತು ಡಿಗ್ರಿಯಷ್ಟು ಮೇಲಕ್ಕೆತ್ತುತ್ತದೆ. ಅನೇಕ ಮುಚ್ಚಳಗಳ ಮೇಲೆ 0.9 ಎಂಬ ಅಂಕಿಯಿರುವುದು ಈ ಒತ್ತಡದ ಗುರುತು. ರಬ್ಬರು ಬಿರಿದ, ಸ್ಪ್ರಿಂಗು ಸೋತ ಮುಚ್ಚಳವಿದ್ದರೆ ಉಳಿದೆಲ್ಲವೂ ಸರಿಯಾಗಿದ್ದರೂ ನೀರು ಬೇಗ ಕುದಿದು ಹೊರಚೆಲ್ಲುವುದು. ಆದುದರಿಂದ ಪರೀಕ್ಷೆಯನ್ನು ಈ ಅಗ್ಗದ ವಸ್ತುವಿನಿಂದಲೇ ಆರಂಭಿಸತಕ್ಕದ್ದು.

ಕಾವು ಏರುವ ಸಮಯವನ್ನು ಗಮನಿಸಿದರೆ ದೋಷದ ಸ್ಥಾನ ಬಹುಮಟ್ಟಿಗೆ ತಿಳಿಯುತ್ತದೆ. ಲಾರಿಯ ಹಿಂದೆ ನಿಧಾನವಾಗಿ ಹತ್ತುವಾಗ ಮುಳ್ಳು ಮೇಲೇರಿ, ದಾರಿ ಬಿಡುವಾಗಿ ವೇಗ ಬಂದಾಗ ಇಳಿದರೆ, ಸಂಶಯ ಫ್ಯಾನಿನ ಮೇಲೆ. ವೇಗದಲ್ಲಿ ಎದುರುಗಾಳಿ ಮಾಡುವ ಕೆಲಸವನ್ನು ನಿಧಾನದಲ್ಲಿ ಮಾಡಬೇಕಾದುದು ಅದೇ. ಫ್ಯೂಸು, ರಿಲೇ, ಶಾಖದ ಸ್ವಿಚ್ಚು, ಮೋಟಾರು, ಈ ಕ್ರಮದಲ್ಲಿ ನೋಡಬೇಕು. ವೇಗವಾಗಿ ಹೋಗುವಾಗಲೂ ಕಾವು ಇಳಿಯದಿದ್ದರೆ ನೀರು ಕಡಮೆಯಾಗಿರಬೇಕು, ಇಲ್ಲವೇ ಅದರ ಹರಿವು ಕುಂಠಿತವಾಗಿರಬೇಕು: ಗಡಸುನೀರಿನ ಸುಣ್ಣವೂ ತುಕ್ಕೂ ನಾಳಗಳನ್ನು ಕಟ್ಟಿರಬಹುದು, ರೆಕ್ಕೆಗಳ ಸಂದಿಯಲ್ಲಿ ಕೆಸರು, ಹುಳುಹುಪ್ಪಟೆ ತುಂಬಿರಬಹುದು, ಥರ್ಮೋಸ್ಟಾಟು ಮುಚ್ಚಿಕೊಂಡೇ ಉಳಿದಿರಬಹುದು, ಪಂಪಿನ ಚಕ್ರ ಸವೆದಿರಬಹುದು. ಪಂಪನ್ನೂ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವನ್ನೂ ಒಂದೇ ಬೆಲ್ಟು ತಿರುಗಿಸುವ ಕಾರುಗಳಲ್ಲಿ, ಬ್ಯಾಟರಿಯ ಕೆಂಪು ದೀಪ ಹೊತ್ತಿದೊಡನೆ ಕಾವೂ ಏರಿದರೆ ಬೆಲ್ಟು ಹರಿದಿದೆಯೆಂದೇ ತಿಳಿಯಬೇಕು.

ಹೀಟರು ತಣ್ಣಗಿದ್ದಾಗ ಅದರ ಎರಡು ಕೊಳವೆಗಳನ್ನು ಮುಟ್ಟಿ ನೋಡುವುದೇ ಅತ್ಯುತ್ತಮ ಪರೀಕ್ಷೆ. ಎಂಜಿನ್ನು ಬೆಚ್ಚಗಾದ ಮೇಲೆ ಅದನ್ನು ನಿಲ್ಲಿಸಿ, ಹೀಟರಿನ ಹಿಡಿಯನ್ನು ಬಿಸಿಯ ಕಡೆಗೆ ಪೂರ್ತಿ ಸರಿಸಿ, ಕೈಯನ್ನು ಫ್ಯಾನಿನಿಂದ ದೂರವಿಟ್ಟು ಎಚ್ಚರಿಕೆಯಿಂದ ಮುಟ್ಟಬೇಕು. ಎಂಜಿನ್ನು ನಿಂತಿದ್ದರೂ ಕೆಲವು ಕಾರುಗಳ ಫ್ಯಾನು ತಾನಾಗಿ ತಿರುಗುವುದುಂಟು. ಎರಡು ಕೊಳವೆಗಳೂ ಬಿಸಿಯಾಗಿದ್ದರೆ ನೀರು ಸರಿಯಾಗಿದೆ. ದೋಷ ಗಾಳಿಯನ್ನು ತಿರುಗಿಸುವ ತಗಡಿನಲ್ಲೋ ಬೀಸುವ ಮೋಟಾರಿನಲ್ಲೋ ಇದೆ. ಒಂದು ಬಿಸಿ, ಮತ್ತೊಂದು ತಣ್ಣಗಿದ್ದರೆ ಹೀಟರಿನ ಒಡಲು ಕಟ್ಟಿದೆ, ಅಥವಾ ಅದರ ನಲ್ಲಿ ತೆರೆದಿಲ್ಲ. ನಲ್ಲಿಯನ್ನು ಎಳೆಯುವ ತಂತಿ ಕಳಚಿಕೊಂಡಿರುವುದೂ ಅಪರೂಪವಲ್ಲ. ಎರಡೂ ತಣ್ಣಗಿದ್ದರೆ ಬಿಸಿನೀರು ಅಲ್ಲಿಗೆ ಬಂದೇ ಇಲ್ಲ: ನೀರು ಇಳಿದಿದೆ, ಇಲ್ಲವೇ ಗಾಳಿಯ ಗುಳ್ಳೆ ದಾರಿಯಲ್ಲಿ ಸಿಕ್ಕಿಕೊಂಡಿದೆ. ಹೊಸದಾಗಿ ನೀರು ತುಂಬಿಸಿದಾಗ ಹೀಟರನ್ನು ತೆರೆದಿಟ್ಟು, ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆಗೆದು ಚಾಲೂ ಮಾಡಿ, ಗುಳ್ಳೆಗಳು ನಿಲ್ಲುವವರೆಗೆ ನೀರನ್ನು ಸೇರಿಸುತ್ತ ಹೋದರೆ ಈ ಗಾಳಿ ಹೊರಡುತ್ತದೆ.

ಇಲ್ಲಿಯೇ ನಾವು ಬಹುಮುಖ್ಯವೆಂದು ಎಣಿಸುವ ಸಂಗತಿಯಿದೆ. ಕಾವನ್ನು ತೋರಿಸುವ ಮುಳ್ಳು ನಂಬತಕ್ಕದ್ದಾಗಿರುವುದು ಅದರ ಗ್ರಾಹಕ ನೀರಿನಲ್ಲಿ ಮುಳುಗಿರುವವರೆಗೆ ಮಾತ್ರ. ನೀರು ಸೋರಿ ಗ್ರಾಹಕ ಬರಿಗಾಳಿಗೆ ಸಿಕ್ಕಿದರೆ, ಎಂಜಿನ್ನು ಬೇಯುತ್ತಿರುವಾಗಲೂ ಮುಳ್ಳು ಕೆಳಗೇ ನಿಂತಿರಬಹುದು. ಅಂಥ ಸಮಯದಲ್ಲಿ ಸತ್ಯವನ್ನು ನುಡಿಯುವುದು ಹೀಟರು. ಏರಿಕೆಯಲ್ಲಿ ಚೆನ್ನಾಗಿ ಬಿಸಿಗಾಳಿ ಕೊಡುತ್ತಿದ್ದ ಹೀಟರು ಇದ್ದಕ್ಕಿದ್ದಂತೆ ತಣ್ಣಗಾದರೆ, ಮುಳ್ಳು ಏನೇ ಹೇಳಲಿ, ಒಡನೆಯೇ ಗಾಡಿಯನ್ನು ನಿಲ್ಲಿಸತಕ್ಕದ್ದು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಹೀಟರಿನ ಬಿಸಿ ಮೆಲ್ಲಗೆ ಕುಗ್ಗುವುದು ಮಾತ್ರ ಸಹಜ. ಆಗ ಎಂಜಿನ್ನಿಗೆ ದುಡಿಮೆಯೇ ಕಡಮೆ.

ಘಾಟಿಯಲ್ಲಿ ಕುದಿಯುವ ಕಾರಿಗೆ ಥರ್ಮೋಸ್ಟಾಟನ್ನು ಕಿತ್ತುಹಾಕುವ ಚಿಕಿತ್ಸೆ ನಮ್ಮ ಕಾರ್ಖಾನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಮುಚ್ಚಿಕೊಂಡೇ ಕೆಟ್ಟಿದ್ದಲ್ಲಿ ಕುದಿತ ನಿಲ್ಲುವುದು ನಿಜ. ಆದರೆ ಅಂದಿನಿಂದ ಎಂಜಿನ್ನು ತಕ್ಕಷ್ಟು ಬಿಸಿಯೇರದೆ ಹೆಚ್ಚು ಪೆಟ್ರೋಲನ್ನು ಕುಡಿಯುವುದು; ಸವೆತ ಹೆಚ್ಚುವುದು; ಮಡಿಕೇರಿಯ ಜುಲೈ ತಿಂಗಳಿನ ಚಳಿಯಲ್ಲಿ ಹೀಟರು ಉಗುರುಬೆಚ್ಚನೆಯ ಗಾಳಿಯನ್ನಷ್ಟೇ ಕೊಡುವುದು. ಕೆಟ್ಟದ್ದನ್ನು ತೆಗೆದು ಹೊಸದನ್ನು ಹಾಕುವುದೇ ಸರಿಯಾದ ಮಾರ್ಗ. ಸಂದೇಹವಿದ್ದರೆ ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ತೆರೆಯುವುದೋ ಇಲ್ಲವೋ ಎಂದು ಕಣ್ಣಾರೆ ನೋಡಬಹುದು.

ಕಾರಿನೊಳಗೆ ಸಿಹಿಯಾದ ವಾಸನೆ, ಗಾಜಿನ ಮೇಲೆ ಜಿಡ್ಡಿನಂಥ ತೆರೆ, ಕಾಲಡಿಯ ಚಾಪೆಯಲ್ಲಿ ತೇವ, ಇವು ಹೀಟರಿನ ಒಡಲು ಸೋರುತ್ತಿರುವುದರ ಗುರುತುಗಳು. ಹೊಸದು ದೊರೆಯುವವರೆಗೆ ಹೀಟರಿನ ಎರಡು ಕೊಳವೆಗಳನ್ನು ಪರಸ್ಪರ ಜೋಡಿಸಿ ಅದನ್ನು ಬದಿಗಿಡಬಹುದು. ಎಣ್ಣೆಯ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಲೇಪ, ರೇಡಿಯೇಟರಿನಲ್ಲಿ ನಿಲ್ಲದ ಗುಳ್ಳೆ, ಎಷ್ಟು ಹೊತ್ತಾದರೂ ಆರದ ಬಿಳಿಯ ಹೊಗೆ, ಇವು ತಲೆಯ ಗ್ಯಾಸ್ಕೆಟ್ಟು ಒಡೆದುದನ್ನು ಸೂಚಿಸುತ್ತವೆ. ಚಳಿಯ ಮುಂಜಾನೆ ಮೊದಲ ಕೆಲವು ನಿಮಿಷ ಕಾಣುವ ಬಿಳಿಯ ಆವಿಗೆ ಹೆದರಬೇಕಾದುದಿಲ್ಲ.

ಘಾಟಿಯಲ್ಲಿ ಮುಳ್ಳು ಏರತೊಡಗಿದರೆ ಮಾಡತಕ್ಕದ್ದೇನು? ಏರ್ ಕಂಡಿಷನರನ್ನು ನಿಲ್ಲಿಸಿರಿ. ಹೀಟರನ್ನು ಪೂರ್ತಿ ತೆರೆದು ಗಾಳಿಯನ್ನು ಜೋರಾಗಿ ಬಿಡಿರಿ. ಪುಟ್ಟ ರೇಡಿಯೇಟರು ದೊಡ್ಡದಕ್ಕೆ ನೆರವಾಗುತ್ತದೆ. ಮೇಲಿನ ಗೇರಿನಲ್ಲಿ ತೇಕಿಸದೆ ಕೆಳಗಿನ ಗೇರಿಗೆ ಬನ್ನಿರಿ, ಪಂಪು ಚುರುಕಾಗುವುದು. ಆದರೂ ಇಳಿಯದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸಿರಿ. 2018ರ ಆಗಸ್ಟಿನ ಮಳೆಯಲ್ಲಿ ಜೋಡುಪಾಲದ ಆಸುಪಾಸಿನ ಗುಡ್ಡಗಳು ಕುಸಿದು ಈ ದಾರಿಯೇ ಕಡಿದುಹೋಗಿತ್ತೆಂಬುದನ್ನು ನೆನೆದು, ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ನಿಲ್ಲಬಾರದು. ಉಗಿ ಹೊರಟಿದ್ದರೆ ಎಂಜಿನ್ನನ್ನು ಒಡನೆ ಆರಿಸಿರಿ. ಮುಚ್ಚಳಕ್ಕೆ ಕೈ ಹಾಕಬೇಡಿರಿ. ಒತ್ತಡ ತಪ್ಪಿದ ಕ್ಷಣವೇ ನೂರು ಡಿಗ್ರಿಯನ್ನು ಮೀರಿದ ನೀರು ಉಗಿಯಾಗಿ ಚಿಮ್ಮಿ ಮುಖವನ್ನು ಸುಡುವುದು. ಅರ್ಧ ಗಂಟೆಗೆ ಕಡಮೆಯಿಲ್ಲದೆ ಕಾದು, ಎಂಜಿನ್ನು ತಣಿದ ಮೇಲೆ, ದಪ್ಪ ಬಟ್ಟೆಯನ್ನು ಹೊದಿಸಿ ಮೆಲ್ಲಗೆ ತಿರುಗಿಸಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯುವುದು. ಅನಿವಾರ್ಯವಾಗಿ ತೊರೆಯ ನೀರನ್ನು ತುಂಬಿದರೆ, ಊರು ಸೇರಿದ ಮೇಲೆ ಅದನ್ನು ಹೊರಚೆಲ್ಲಿ, ತೊಳೆದು, ತಕ್ಕ ಕೂಲೆಂಟನ್ನು ಹಾಕಿಸತಕ್ಕದ್ದು. ಅದು ತುಕ್ಕನ್ನು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲು ಸಿಹಿಯಾದ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಬೇಕು.

ಇಷ್ಟೆಲ್ಲ ಎಚ್ಚರಿಕೆ ಏತಕ್ಕೆಂದು ಕೆಲವರು ಕೇಳಬಹುದು. ಸಣ್ಣ ಕಾರಿನ ಎಂಜಿನ್ನಿನ ತಲೆ ಅಲ್ಯೂಮಿನಿಯಮ್ಮಿನದು. ನೀರಿಲ್ಲದೆ ಕೆಲವೇ ನಿಮಿಷ ಏರಿದರೂ ಅದು ಸೊಟ್ಟಾಗುವುದು. ಹಳೆಯ ಕಾರಿನಲ್ಲಿ ಅದನ್ನು ಸರಿಪಡಿಸುವ ವೆಚ್ಚ ಎಷ್ಟೋ ವೇಳೆ ಕಾರಿನ ಬೆಲೆಗೆ ಹತ್ತಿರವಾಗಿ, ವರ್ಷಗಟ್ಟಲೆ ಮನೆಮಂದಿಯನ್ನು ಹೊತ್ತ ಗಾಡಿ ಗುಜರಿಗೆ ಹೋಗುವುದು. ಹೊರಡುವ ದಿನ ಬೆಳಗ್ಗೆ ಎಂಜಿನ್ನು ತಣ್ಣಗಿರುವಾಗ ಮುಚ್ಚಳ, ನೀರು, ಬೆಲ್ಟು, ಕೊಳವೆಗಳನ್ನು ನೋಡುವುದಕ್ಕೆ ಐದು ನಿಮಿಷ ಹಿಡಿಯುತ್ತದೆ. ಸಂಪಾಜೆಯಲ್ಲಿ ಕಾಫಿಗೆ ನಿಂತಾಗ ಮುಚ್ಚಳವನ್ನು ಮುಟ್ಟದೆ, ಬದಿಯ ಸೀಸೆಯಲ್ಲಿ ನೀರಿನ ಮಟ್ಟವನ್ನೂ ಗಾಡಿಯ ಕೆಳಗಿನ ನೆಲವನ್ನೂ ಒಮ್ಮೆ ನೋಡಿ ಮುಂದಕ್ಕೆ ಹೊರಡುವುದು ಒಳ್ಳೆಯದು.